ಮೊಡವೆಗೂ ಹಾಲಿಗೂ ಏನು ನಂಟು?



ಈ ತಿಂಗಳು ಒಂದು ಲೋಟ ಹಾಲಿನ ಕಥೆ ಹೇಳಬೇಕಾಗಿದೆ.

ಕೆಲವು ತಿಂಗಳ ಹಿಂದಿನ ಮಾತು. ಭಾನುವಾರದ ಪೂಜೆ ಮುಗಿದು ಎಲ್ಲರೂ ದೇವಾಲಯದ ಅಂಗಳದಲ್ಲಿ ನಿಂತಿದ್ದಾಗ ಒಬ್ಬ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಮನೆ ಹೊಸೂರಿಗೆ ಅಂಟಿಕೊಂಡ ಆಲಸನತ್ತಂನಲ್ಲಿ. "ನಮ್ಮ ಹುಡುಗಿ ಎರಡು ತಿಂಗಳಿಂದ ಹಾಡುವವರ ಜೊತೆ ನಿಲ್ಲುತ್ತಿಲ್ಲ, ಗಮನಿಸಿದ್ರಾ? ಮುಖದ ತುಂಬಾ ಮೊಡವೆ. ಯಾರೂ ನೋಡಬಾರದು ಅಂತ ಕೊನೇ ಬೆಂಚಿನಲ್ಲಿ ಕೂರ್ತಾಳೆ. ಈಗ ಹಾಲೂ ಬಿಟ್ಟಳು, ಮೊಸರೂ ಬಿಟ್ಟಳು. ಅತ್ತೆಯವರಿಗೂ ಅವಳಿಗೂ ದಿನಾ ಜಗಳ. ಒಂದು ಸಲ ಮನೆಗೆ ಬಂದು ಹೋಗಿ" ಎಂದರು.

ಹೋದೆವು. ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಮನೆಯೊಳಗೆ ಕನ್ನಡ ಎಂಬ ನಮ್ಮ ಗಡಿನಾಡಿನ ಮನೆಗಳಲ್ಲಿ ಅದೂ ಒಂದು. ಹೊಸೂರು ಬೆಳೆದು 2019ರಲ್ಲಿ ಮಹಾನಗರಪಾಲಿಕೆಯಾದ ಮೇಲೆ ಸುತ್ತಲೂ ಬಡಾವಣೆಗಳೇ. ಆದರೂ ಆ ಮನೆಯ ಹಿತ್ತಲಿನಲ್ಲಿ ಇನ್ನೂ ಎರಡು ಸೀಮೆಹಸು ಇವೆ. ದನ ಸಾಕುವುದು ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಮತ್ತಿಗಿರಿಯ ಸರಕಾರಿ ಜಾನುವಾರು ಫಾರಂ ಶುರುವಾದದ್ದೇ 1824ರಲ್ಲಿ. ಈ ಮನೆಯ ಅಜ್ಜಿಗೂ ಹಸುವೆಂದರೆ ಪ್ರಾಣ. ಗಂಡ ತೀರಿಕೊಂಡ ಮೇಲೆ ಸೊಸೈಟಿಗೆ ಹಾಲು ಹಾಕಿಯೇ ಮೂರು ಮಕ್ಕಳನ್ನು ಓದಿಸಿದವರು.

ನಾವು ಕುಳಿತ ಕೂಡಲೇ ಅಜ್ಜಿ ಶುರು ಮಾಡಿದರು: "ನೋಡಿ, ಈ ಹಾಲಲ್ಲೇ ಇವಳಪ್ಪ ಓದಿದ್ದು, ಈ ಹಾಲಲ್ಲೇ ಈ ಮನೆ ಎದ್ದಿದ್ದು. ಈಗ ಇವಳು ಹಾಲು ವಿಷ ಅಂತಾಳೆ."

ಪ್ಲಸ್ ಒನ್ ಓದುವ ಮೊಮ್ಮಗಳು ತಲೆ ತಗ್ಗಿಸಿಯೇ ಹೇಳಿದಳು: "ವಿಷ ಅಂತ ನಾನೆಲ್ಲಿ ಅಂದೆ ಅಜ್ಜಿ? ಹಾಲು ಕುಡಿದರೆ ಮೊಡವೆ ಬರುತ್ತೆ ಅಂತ ಮೊಬೈಲಿನಲ್ಲಿ ಎಲ್ಲರೂ ಹೇಳ್ತಾರೆ."

"ನಿಮ್ಮಪ್ಪನ ಮುಖದ ಮೇಲೆ ಒಂದು ಗುಳ್ಳೆ ಇರಲಿಲ್ಲ ಕಣೇ!"

"ಅಪ್ಪನ ಮುಖ ಬೇರೆ, ನನ್ನ ಮುಖ ಬೇರೆ."

ನಾವು ವೈದ್ಯರಲ್ಲ. ಆದ್ದರಿಂದ ಅಂದು ಯಾರ ಪರವಾಗಿಯೂ ತೀರ್ಪು ಹೇಳದೆ ಕಾಫಿ ಕುಡಿದು ಬಂದೆವು. ಪರಿಚಯದ ಚರ್ಮವೈದ್ಯರೊಬ್ಬರನ್ನು ಕೇಳಿ, ಓದಬೇಕಾದದ್ದನ್ನು ಓದಿ, ಮುಂದಿನ ವಾರ ಮತ್ತೆ ಹೋದೆವು. ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತಿದ್ದೇವೆ. ಏಕೆಂದರೆ ಹದಿಹರೆಯದ ಮಕ್ಕಳಿರುವ ಬಹುಪಾಲು ಮನೆಗಳಲ್ಲಿ ಈ ಜಗಳ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ.

ಮೊಡವೆ ಏಳುವುದು ಹೇಗೆ?

ನಮ್ಮ ಚರ್ಮದ ಪ್ರತಿ ರೋಮದ ಬುಡದಲ್ಲಿ ಎಣ್ಣೆ ಸ್ರವಿಸುವ ಪುಟ್ಟ ಗ್ರಂಥಿಯಿದೆ. ಚರ್ಮ ಒಣಗದಂತೆ ಕಾಯುವುದು ಅದರ ಕೆಲಸ. ಹನ್ನೆರಡು, ಹದಿಮೂರು ವಯಸ್ಸಾಗುತ್ತಲೇ ದೇಹದಲ್ಲಿ ಆಂಡ್ರೋಜೆನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಗಂಡುಮಕ್ಕಳಲ್ಲಿ ಮಾತ್ರವಲ್ಲ, ಹೆಣ್ಣುಮಕ್ಕಳಲ್ಲೂ ಅವು ಇವೆ. ಅವುಗಳ ಪ್ರೇರಣೆಯಿಂದ ಎಣ್ಣೆ ಗ್ರಂಥಿಗಳು ದೊಡ್ಡದಾಗಿ ಹೆಚ್ಚು ಎಣ್ಣೆ ಸುರಿಸುತ್ತವೆ. ಜೊತೆಗೆ ರೋಮದ ಸಣ್ಣ ದ್ವಾರದಲ್ಲಿ ಸತ್ತ ಜೀವಕೋಶಗಳು ಸೇರಿಕೊಂಡು ಬಿರಡೆಯಂತೆ ಮುಚ್ಚಿಬಿಡುತ್ತವೆ. ಒಳಗೆ ಸಿಕ್ಕಿಬಿದ್ದ ಎಣ್ಣೆಯಲ್ಲಿ, ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಆಗ ಸುತ್ತ ಕೆಂಪಾಗಿ, ಊದಿ, ಕೀವು ಕಟ್ಟುತ್ತದೆ. ಇದೇ ಮೊಡವೆ.

ಹದಿಹರೆಯದವರಲ್ಲಿ ಹತ್ತರಲ್ಲಿ ಎಂಟು ಮಂದಿಗಾದರೂ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆ. ತಂದೆತಾಯಿಗೆ ಹೆಚ್ಚಾಗಿ ಬಂದಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಇದು ಕೊಳಕಿನಿಂದ ಬರುವುದಲ್ಲ. ಮೂಗಿನ ಮೇಲಿನ ಕಪ್ಪು ಚುಕ್ಕೆಯೂ ಕೊಳೆಯಲ್ಲ. ಒಳಗಿನ ಬಿರಡೆ ಗಾಳಿಗೆ ತೆರೆದುಕೊಂಡಾಗ ಕಪ್ಪಾಗುತ್ತದೆ, ಅಷ್ಟೇ. ಆದ್ದರಿಂದ "ಮುಖ ಸರಿಯಾಗಿ ತೊಳಿ" ಎಂದು ಮಕ್ಕಳನ್ನು ಗದರಿಸುವುದರಲ್ಲಿ ಅರ್ಥವಿಲ್ಲ. ದಿನಕ್ಕೆ ಎರಡು ಸಲ ಸೌಮ್ಯವಾದ ಸೋಪಿನಲ್ಲಿ ತೊಳೆದರೆ ಸಾಕು. ಹತ್ತು ಸಲ ತಿಕ್ಕಿ ತೊಳೆದರೆ ಚರ್ಮ ಕೆರಳುತ್ತದೆಯೇ ಹೊರತು ಮೊಡವೆ ಹೋಗುವುದಿಲ್ಲ.

ಇನ್ನೊಂದು ಮಾತು ಮನಸ್ಸಿನಲ್ಲಿರಲಿ. ಇಂದು ಹೊರಗೆ ಕಾಣುವ ಮೊಡವೆ ಚರ್ಮದೊಳಗೆ ವಾರಗಳ ಹಿಂದೆಯೇ ಹುಟ್ಟಿರುತ್ತದೆ. ಹೀಗಿರುವಾಗ "ನಿನ್ನೆ ಪಾಯಸ ತಿಂದೆ, ಇವತ್ತು ಮೊಡವೆ ಎದ್ದಿತು" ಎಂದು ಲೆಕ್ಕ ಹಾಕುವುದು ಸರಿಹೋಗದು.

ಹಾಲಿನ ಮೇಲೆ ಅನುಮಾನ ಬಂದದ್ದು ಏಕೆ?

ಮೊಡವೆಗೂ ಆಹಾರಕ್ಕೂ ಸಂಬಂಧವೇ ಇಲ್ಲವೆಂದು ವೈದ್ಯರು ಬಹಳ ಕಾಲ ಹೇಳುತ್ತಿದ್ದರು. 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕೊಲೇಟು ತಿನ್ನಿಸಿ ನಡೆಸಿದ ಒಂದು ಪರೀಕ್ಷೆ ಅದಕ್ಕೆ ಮುಖ್ಯ ಆಧಾರವಾಗಿತ್ತು. ಆದರೆ ಹೋಲಿಕೆಗಾಗಿ ಕೊಟ್ಟ ಚಾಕೊಲೇಟಿಲ್ಲದ ತಿಂಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು ಇದ್ದವು. ಎರಡೂ ಕಡೆ ಒಂದೇ ಭಾರ ಇಟ್ಟು ತಕ್ಕಡಿ ಸಮವಾಗಿದೆ ಎಂದಂತಾಯಿತು. ಈ ತಪ್ಪನ್ನು ಆಮೇಲೆ ಅನೇಕರು ಎತ್ತಿ ತೋರಿಸಿದರು.

ಹಾಲಿನ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು 2005ರಲ್ಲಿ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 47,355 ಮಹಿಳೆಯರನ್ನು, ಪ್ರೌಢಶಾಲೆಯ ದಿನಗಳಲ್ಲಿ ಏನು ತಿನ್ನುತ್ತಿದ್ದಿರಿ, ಆಗ ತೀವ್ರವಾದ ಮೊಡವೆ ಇತ್ತೇ ಎಂದು ಕೇಳಿದರು. ಹಾಲು ಹೆಚ್ಚು ಕುಡಿಯುತ್ತಿದ್ದವರಲ್ಲಿ ಮೊಡವೆಯೂ ಸ್ವಲ್ಪ ಹೆಚ್ಚಾಗಿತ್ತು. ಅದರಲ್ಲೂ ಕೆನೆ ತೆಗೆದ ಹಾಲಿನೊಂದಿಗೆ ಈ ಸಂಬಂಧ ಎದ್ದು ಕಂಡಿತು. ಹಿಂದಿನದನ್ನು ನೆನಪಿನಿಂದ ಹೇಳಿಸಿದ್ದು ಸಾಲದೆಂದು ಅವರೇ ಮುಂದೆ 2006ರಲ್ಲಿ ಹುಡುಗಿಯರ ಮೇಲೆ, 2008ರಲ್ಲಿ ಹುಡುಗರ ಮೇಲೆ ನಡೆಸಿದ ಅಧ್ಯಯನಗಳನ್ನು ಪ್ರಕಟಿಸಿದರು. ಅವುಗಳಲ್ಲೂ ಇಂತಹುದೇ ಸಂಬಂಧ ಕಂಡಿತು.

2018ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಇಂತಹ 14 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಅವುಗಳಲ್ಲಿ 78,529 ಮಕ್ಕಳು ಮತ್ತು ಯುವಜನರಿದ್ದರು. ಹಾಲು, ಹಾಲಿನ ಪದಾರ್ಥ ಸೇವಿಸುವವರಲ್ಲಿ ಮೊಡವೆಯ ಸಂಭವ ಸುಮಾರು ಕಾಲು ಭಾಗದಷ್ಟು ಹೆಚ್ಚು ಎಂದು ಲೆಕ್ಕ ಬಂತು. ಆದರೆ ಅಧ್ಯಯನಗಳು ಒಂದಕ್ಕೊಂದು ಸರಿಯಾಗಿ ಹೊಂದುವುದಿಲ್ಲ, ಆದ್ದರಿಂದ ಎಚ್ಚರದಿಂದ ಓದಿಕೊಳ್ಳಿ ಎಂದು ಬರೆದವರೇ ಹೇಳಿದ್ದಾರೆ. ಮೊಸರಿನ ವಿಷಯದಲ್ಲಂತೂ ಒಂದು ಲೆಕ್ಕ ಒಂದು ಹೇಳಿದರೆ ಇನ್ನೊಂದು ಲೆಕ್ಕ ಇನ್ನೊಂದು ಹೇಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಳೆ ಜೋರಾದ ದಿನ ಬೀದಿಯಲ್ಲಿ ಛತ್ರಿಗಳೂ ಹೆಚ್ಚು. ಹಾಗೆಂದು ಛತ್ರಿಯಿಂದ ಮಳೆ ಬಂತು ಎನ್ನಲಾಗುವುದಿಲ್ಲ. ಹಾಲು ಹೆಚ್ಚು ಕುಡಿಯುವ ಮಕ್ಕಳು ಬೇರೆ ಏನೇನು ತಿನ್ನುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ಈ ಕಾರಣದಿಂದಲೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಮೊಡವೆಗಾಗಿ ಹಾಲು ಬಿಡಿ ಎಂದು ಸಲಹೆ ಕೊಡುವಷ್ಟು ಆಧಾರ ಇನ್ನೂ ಇಲ್ಲವೆಂದಿದೆ.

ಅಜ್ಜಿಗೆ ಅರ್ಥವಾದ ಲೆಕ್ಕ

ಇಷ್ಟನ್ನು ಹೇಳುವಾಗ ಅಜ್ಜಿ, "ಕೆನೆ ತೆಗೆದ ಹಾಲಿನಲ್ಲಿ ಏನಿರುತ್ತೆ ಅಂತ ಅದರಿಂದ ಮೊಡವೆ ಬರುತ್ತೆ? ಬರೀ ನೀರು!" ಎಂದು ನಕ್ಕರು. ನಾವು ಅವರ ಸೊಸೈಟಿ ಪುಸ್ತಕವನ್ನೇ ಕೇಳಿದೆವು. ಹಾಲು ಹಾಕುವವರಿಗೆಲ್ಲ ಗೊತ್ತು, ಸೊಸೈಟಿಯಲ್ಲಿ ಎರಡು ಲೆಕ್ಕ: ಒಂದು ಫ್ಯಾಟು, ಇನ್ನೊಂದು ಎಸ್.ಎನ್.ಎಫ್. ಫ್ಯಾಟು ಎಂದರೆ ಕೊಬ್ಬು, ಕೆನೆ. ಎಸ್.ಎನ್.ಎಫ್. ಎಂದರೆ ಕೊಬ್ಬನ್ನು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ, ಅಂದರೆ ಪ್ರೋಟೀನು, ಹಾಲಿನ ಸಕ್ಕರೆ, ಸುಣ್ಣದಂತಹ ಲವಣಗಳು.

ಕೆನೆ ತೆಗೆದರೆ ಫ್ಯಾಟು ಹೋಗುತ್ತದೆ, ಎಸ್.ಎನ್.ಎಫ್. ಹಾಗೆಯೇ ಉಳಿಯುತ್ತದೆ. ಪ್ಯಾಕೆಟ್ಟಿನ ಹಾಲನ್ನೇ ನೋಡಿ. ಸರಕಾರದ ಕಟ್ಟಳೆಯಂತೆ ಟೋನ್ಡ್ ಹಾಲಿನಲ್ಲಿ ಶೇ. 3 ಫ್ಯಾಟು, ಶೇ. 8.5 ಎಸ್.ಎನ್.ಎಫ್. ಇರಬೇಕು. ಡಬಲ್ ಟೋನ್ಡ್ ಹಾಲಿನಲ್ಲಿ ಫ್ಯಾಟು ಶೇ. 1.5ಕ್ಕೆ ಇಳಿದರೂ ಎಸ್.ಎನ್.ಎಫ್. ಶೇ. 9 ಇರಬೇಕು. ಕೆನೆ ತೆಗೆದ ಹಾಲಿನೊಂದಿಗೇ ಮೊಡವೆಯ ಸಂಬಂಧ ಹೆಚ್ಚಾಗಿ ಕಂಡಿತು ಎಂದರೆ, ಅನುಮಾನ ಹೋಗುವುದು ಕೆನೆಯ ಮೇಲಲ್ಲ, ಈ ಎಸ್.ಎನ್.ಎಫ್. ಕಡೆಗೆ.

ವಿಜ್ಞಾನಿಗಳ ಊಹೆಯೂ ಹಾಗೆಯೇ ಇದೆ. ಹಾಲು ಇರುವುದೇ ಕರು ಬೆಳೆಯಲಿ ಎಂದು. ಅದರ ಪ್ರೋಟೀನುಗಳು ನಮ್ಮ ರಕ್ತದಲ್ಲಿ ಇನ್ಸುಲಿನ್ ಹಾಗೂ ಐ.ಜಿ.ಎಫ್.-1 ಎಂಬ ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಿಸುತ್ತವೆ. ಡೆನ್ಮಾರ್ಕಿನಲ್ಲಿ ಎಂಟು ವರ್ಷದ ಹುಡುಗರಿಗೆ ಏಳು ದಿನ, ದಿನಕ್ಕೆ ಒಂದೂವರೆ ಲೀಟರು ಕೆನೆರಹಿತ ಹಾಲು ಕುಡಿಸಿ ನೋಡಿದಾಗ ಐ.ಜಿ.ಎಫ್.-1 ಶೇ. 19ರಷ್ಟು ಏರಿತು. ಅಷ್ಟೇ ಪ್ರೋಟೀನನ್ನು ಮಾಂಸದ ರೂಪದಲ್ಲಿ ತಿಂದವರಲ್ಲಿ ಏರಲಿಲ್ಲ. ಇದು ಪ್ರಕಟವಾದದ್ದು 2004ರಲ್ಲಿ. ಬೆಳೆಯುವ ಮಗುವಿಗೆ ಇದು ಕೆಟ್ಟದ್ದೇನಲ್ಲ, ಎತ್ತರ ಬೆಳೆಯಲು ನೆರವಾಗುವುದೂ ಇದೇ. ಆದರೆ ಮೊದಲೇ ಮೊಡವೆ ಬರುವ ಚರ್ಮವಾದರೆ ಇದೇ ಹಾರ್ಮೋನುಗಳು ಎಣ್ಣೆ ಗ್ರಂಥಿಗಳನ್ನೂ ಕೆರಳಿಸಬಲ್ಲವು. ಆದರೂ ಒಂದೂವರೆ ಲೀಟರಿಗೂ ಒಂದು ಲೋಟಕ್ಕೂ ಇರುವ ಅಂತರ ಮರೆಯಬಾರದು.

"ಹಾಗಾದರೆ ಕಡಿಮೆ ಕೊಬ್ಬಿನ ಹಾಲು ತಂದರೆ ಮೊಡವೆ ಹೋಗಲ್ವಾ?" ಎಂದು ತಾಯಿ ಕೇಳಿದರು. ಹೋಗುತ್ತದೆ ಎನ್ನಲು ಆಧಾರವಿಲ್ಲ. "ನಾಟಿ ಹಸುವಿನ ಹಾಲಾದರೆ?" ಎಂದರು ಅಜ್ಜಿ. ಎ-2 ಹಾಲು ಎಂದು ದುಬಾರಿ ಬೆಲೆಗೆ ಮಾರುವವರಿದ್ದಾರೆ. ಅದರಿಂದ ಮೊಡವೆ ಬರುವುದಿಲ್ಲ ಎನ್ನುವುದಕ್ಕೂ ಆಧಾರವಿಲ್ಲ. ತುಪ್ಪದಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಹಾಕಿಕೊಂಡರೆ ಹೆದರಬೇಕಾಗಿಲ್ಲ.

ಲೋಟದಲ್ಲಿ ಇರುವುದು ಹಾಲೊಂದೇ ಅಲ್ಲ

ಆಗ ನಾವು ಆ ಹುಡುಗಿಯನ್ನು ಕೇಳಿದೆವು: "ನೀನು ಕುಡಿಯುತ್ತಿದ್ದ ಹಾಲಿನಲ್ಲಿ ಏನೇನು ಹಾಕುತ್ತಿದ್ದೆ?" ಎರಡು ಚಮಚ ಮಾಲ್ಟ್ ಪುಡಿ, ಮೇಲೆ ಎರಡು ಚಮಚ ಸಕ್ಕರೆ, ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ. ಜೊತೆಗೆ ನಾಲ್ಕು ಬಿಸ್ಕತ್ತು. ಸಂಜೆ ಟ್ಯೂಷನ್ನಿನಿಂದ ಬರುವಾಗ ಬೇಕರಿಯಲ್ಲಿ ಪಫ್ ಇಲ್ಲವೇ ಕ್ರೀಂ ಬನ್ನು, ಒಂದು ಬಾಟಲಿ ತಂಪು ಪಾನೀಯ. ಹಾಲು ಬಿಟ್ಟ ಮೇಲೂ ಬೇಕರಿ ತಿಂಡಿ ನಿಂತಿರಲಿಲ್ಲ. ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದುದರಿಂದ ಇನ್ನಷ್ಟು ಹೆಚ್ಚಾಗಿತ್ತು!

ಸಕ್ಕರೆ, ಮೈದಾಗಳ ವಿಷಯದಲ್ಲಿ ಹಾಲಿಗಿಂತ ಉತ್ತಮ ಪರೀಕ್ಷೆ ನಡೆದಿದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಮೊಡವೆಯಿದ್ದ 15ರಿಂದ 25 ವಯಸ್ಸಿನ 43 ಯುವಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರಕ್ತದಲ್ಲಿ ಸಕ್ಕರೆಯನ್ನು ದಿಢೀರೆಂದು ಏರಿಸದ ಆಹಾರ, ಅಂದರೆ ಪಾಲಿಶ್ ಮಾಡದ ಧಾನ್ಯ, ಹಣ್ಣು, ಮೀನು, ಮಾಂಸ ಇತ್ಯಾದಿ. ಇನ್ನೊಂದಕ್ಕೆ ಮಾಮೂಲು ಆಹಾರ. 12 ವಾರಗಳಾದ ಮೇಲೆ ಎರಡೂ ಗುಂಪುಗಳಲ್ಲಿ ಮೊಡವೆ ಇಳಿದಿತ್ತು. ಆದರೆ ಮೊದಲ ಗುಂಪಿನಲ್ಲಿ ಸರಾಸರಿ 23 ಕಡಿಮೆಯಾದರೆ ಎರಡನೆಯದರಲ್ಲಿ 12 ಮಾತ್ರ. ಇದೂ ಸಣ್ಣ ಪರೀಕ್ಷೆಯೇ, ಕೊನೆಯ ಮಾತಲ್ಲ. ಆದರೆ ಸಕ್ಕರೆ ಕಡಿಮೆ ಮಾಡಿದರೆ ನಷ್ಟವಂತೂ ಯಾರಿಗೂ ಇಲ್ಲ. ಇನ್ಸುಲಿನ್ ಏರಿಸುವುದರಲ್ಲಿ ಸಕ್ಕರೆ, ಮೈದಾಗಳು ಯಾರಿಗೂ ಕಡಿಮೆಯಲ್ಲ.

ಮಾಲ್ಟ್ ಪುಡಿಗಳನ್ನು ನಾವೆಲ್ಲ ಮಕ್ಕಳಿಗೆ ಶಕ್ತಿ ಬರಲೆಂದು ಕೊಡುತ್ತೇವೆ. ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಸಕ್ಕರೆಯ ಪ್ರಮಾಣವನ್ನು ಒಮ್ಮೆ ಓದಿ ನೋಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂತಹ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟಗಾರರಿಗೆ ತಿಳಿಸಿತು. ಏಕೆಂದರೆ ನಮ್ಮ ಆಹಾರ ಕಾನೂನಿನಲ್ಲಿ ಅಂತಹ ಹೆಸರಿನ ಪಾನೀಯವೇ ಇಲ್ಲ.

ಬಿಟ್ಟು ನೋಡುವುದಾದರೆ ಕ್ರಮವಾಗಿ ನೋಡಿ

ಹಾಲು ಕೆಲವರಿಗೆ ಮೊಡವೆ ಹೆಚ್ಚಿಸಬಹುದು, ಅನೇಕರಿಗೆ ಏನೂ ಮಾಡದಿರಬಹುದು. ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದು ಎಂದು ಪುಸ್ತಕ ಹೇಳಲಾರದು, ಅಕ್ಕಪಕ್ಕದವರೂ ಹೇಳಲಾರರು. ಶಾಂತವಾಗಿ ಪರೀಕ್ಷಿಸಿಯೇ ತಿಳಿಯಬೇಕು. ಅದರ ಕ್ರಮ ಹೀಗೆ:

ಮೊದಲು ಎರಡು ವಾರ ಏನನ್ನೂ ಬದಲಾಯಿಸಬೇಡಿ. ವಾರಕ್ಕೊಮ್ಮೆ, ಒಂದೇ ಕಿಟಕಿಯ ಬೆಳಕಿನಲ್ಲಿ ಮುಖದ ಫೋಟೋ ತೆಗೆದು ಮೊಡವೆ ಎಷ್ಟಿವೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ. ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚಿನ ವಾರ ಮೊಡವೆ ಹೆಚ್ಚುವುದು ಸಾಮಾನ್ಯ. ಅದನ್ನೂ ಗುರುತು ಮಾಡಿ.

ನಂತರ ಎಂಟು ವಾರ ಮಾಲ್ಟ್ ಪುಡಿ, ಸಕ್ಕರೆ, ತಂಪು ಪಾನೀಯ, ಬೇಕರಿ ತಿಂಡಿಗಳನ್ನು ಬಿಡಲಿ. ಹಾಲು ಬೇಕಾದರೆ ಬರಿಯ ಹಾಲು ಒಂದು ಲೋಟ ಇರಲಿ.

ಅದರಿಂದ ಸಾಕಷ್ಟು ಗುಣ ಕಾಣದಿದ್ದರೆ ಮುಂದಿನ ಎಂಟು ವಾರ ಹಾಲು, ಹಾಲಿನ ಪುಡಿ, ಪನೀರು ಬಿಟ್ಟು ನೋಡಲಿ. ಆಮೇಲೆ ನಾಲ್ಕು ವಾರ ಮತ್ತೆ ಶುರು ಮಾಡಲಿ. ಬಿಟ್ಟಾಗ ಇಳಿದು, ಶುರು ಮಾಡಿದಾಗ ಏರಿದರೆ ಆ ಚರ್ಮಕ್ಕೆ ಹಾಲು ಒಗ್ಗುತ್ತಿಲ್ಲ ಎನ್ನಬಹುದು. ಎರಡೂ ಸಲ ವ್ಯತ್ಯಾಸ ಕಾಣದಿದ್ದರೆ ಹಾಲಿನ ಮೇಲಿನ ಅಪವಾದ ತೆಗೆದುಬಿಡಿ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಹಾಲು ಬಿಟ್ಟ ದಿನವೇ ಹೊಸ ಸೋಪು, ಹೊಸ ಕ್ರೀಮು ಶುರು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಆತುರವೂ ಬೇಡ. ತಪಸ್ಸುಕಾಲದಲ್ಲಿ ಹೇಗೂ ಏನನ್ನಾದರೂ ಬಿಡುತ್ತೇವಲ್ಲ, ಆಗಲೇ ನೋಡಿಬಿಡೋಣ ಎಂದು ತಾಯಿ ಅಂದರು. ಆ ನಲವತ್ತು ದಿನ ಇದಕ್ಕೆ ಸಾಲದು. ಅಲ್ಲದೆ ಆ ತ್ಯಾಗವನ್ನು ಮುಖದ ಲೆಕ್ಕಕ್ಕೆ ಸೇರಿಸುವುದೂ ಚೆನ್ನಲ್ಲ!

ಹತ್ತು ವರ್ಷದೊಳಗಿನ ಮಕ್ಕಳು, ತೂಕ ಕಡಿಮೆ ಇರುವವರು, ಬಸುರಿ, ಬಾಣಂತಿಯರು, ಊಟವೆಂದರೆ ಹೆದರುವ ಮಕ್ಕಳು ವೈದ್ಯರನ್ನು ಕೇಳದೆ ಈ ಪರೀಕ್ಷೆಗೆ ಕೈಹಾಕಬಾರದು.

ಹಾಲು ಬಿಟ್ಟರೆ ಬದಲಿಗೆ ಏನು?

ಆ ಮನೆಯಲ್ಲಿ ನಮಗೆ ಮೊಡವೆಗಿಂತ ಹೆಚ್ಚು ಚಿಂತೆಯಾದದ್ದು ಇದು. ಹುಡುಗಿ ಹಾಲು, ಮೊಸರು ಬಿಟ್ಟಳು. ಮೊಟ್ಟೆ ಉಷ್ಣವೆಂದು ಬಿಟ್ಟಳು, ಕಡಲೆಕಾಯಿ ಎಣ್ಣೆ ಪದಾರ್ಥವೆಂದು ಬಿಟ್ಟಳು. ಮಧ್ಯಾಹ್ನದ ಬುತ್ತಿಯಲ್ಲಿ ಉಳಿದದ್ದು ಚಿತ್ರಾನ್ನ ಮಾತ್ರ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಹೀಗೆ ಮಾಡಿದರೆ ಮೊಡವೆ ಹೋದರೂ ದೇಹ ಸೊರಗುತ್ತದೆ. ಮೊಡವೆಗೆ ವಯಸ್ಸಾದಂತೆ ಇಳಿಯುವ ದಾರಿಯಿದೆ. ಈ ವಯಸ್ಸಿನಲ್ಲಿ ಕಟ್ಟದ ಮೂಳೆಯನ್ನು ಆಮೇಲೆ ಕಟ್ಟುವುದು ಕಷ್ಟ.

ನಮ್ಮ ದೇಶದ ಲೆಕ್ಕದಂತೆ 13ರಿಂದ 15 ವಯಸ್ಸಿನ ಮಕ್ಕಳಿಗೆ ದಿನಕ್ಕೆ 1,000 ಮಿಲಿಗ್ರಾಂ, 16ರಿಂದ 18 ವಯಸ್ಸಿನವರಿಗೆ 1,050 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಮಿಲಿಲೀಟರು ಹಸುವಿನ ಹಾಲಿನಲ್ಲಿರುವುದು ಸುಮಾರು 120 ಮಿಲಿಗ್ರಾಂ. ನಮ್ಮ ಕೃಷ್ಣಗಿರಿ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ರಾಗಿಯದು ಹಾಲಿನಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ ಎಂಬುದು ನಿಜ. ನೆನೆಸಿ, ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಸ್ವಲ್ಪ ಹೆಚ್ಚು ಹತ್ತುತ್ತದೆ. ಜೊತೆಗೆ ನುಗ್ಗೆಸೊಪ್ಪು, ಎಳ್ಳಿನ ಚಟ್ನಿಪುಡಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಇರಲಿ. ಪ್ರೋಟೀನಿಗೆ ಮೊಟ್ಟೆ, ಹುರುಳಿ, ಅವರೆ, ಕಡಲೆ. ರಾಗಿಮುದ್ದೆಗೆ ಸೊಪ್ಪು ಕಾಳಿನ ಸಾರು, ವಾರಕ್ಕೆ ಕೆಲವು ದಿನ ಮೊಟ್ಟೆ: ಇಷ್ಟಿದ್ದರೆ ಎಂಟು ವಾರ ಹಾಲಿಲ್ಲದೆ ಕಳೆಯುವುದು ಕಷ್ಟವಲ್ಲ. ಮೊಟ್ಟೆ, ಮೀನು, ಮಾಂಸ ಏನನ್ನೂ ತಿನ್ನದವರು ಹಾಲನ್ನೂ ಬಿಟ್ಟರೆ ಬಿ-12 ಜೀವಸತ್ವದ ಕೊರತೆಯಾಗುತ್ತದೆ. ಅವರು ವೈದ್ಯರ ಸಲಹೆಯಿಲ್ಲದೆ ಬಿಡಬಾರದು.

ಮುಲಾಮಿನ ವಿಷಯದಲ್ಲಿ ಎಚ್ಚರ

ಆಹಾರ ಸರಿಮಾಡುವುದು ಚಿಕಿತ್ಸೆಗೆ ಬೆಂಬಲವೇ ಹೊರತು ಚಿಕಿತ್ಸೆಯ ಬದಲು ಅಲ್ಲ. ಮೊಡವೆಗೆ ಒಳ್ಳೆಯ ಔಷಧಗಳಿವೆ. ಬೆನ್ಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮುಂತಾದ ಜೆಲ್‌ಗಳನ್ನು ವೈದ್ಯರು ಮೊದಲು ಕೊಡುತ್ತಾರೆ. ಗುಣ ಕಾಣಲು ಆರರಿಂದ ಎಂಟು ವಾರವಾದರೂ ಬೇಕು. ಹತ್ತು ದಿನಕ್ಕೆ ಬೇಸತ್ತು ಬಿಡಬಾರದು.

ಆದರೆ ಅಂಗಡಿಯವರನ್ನು ಕೇಳಿ ಸ್ಟೀರಾಯ್ಡ್ ಬೆರೆತ ಕ್ರೀಮನ್ನು ಮುಖಕ್ಕೆ ಹಚ್ಚುವ ಅಭ್ಯಾಸ ನಮ್ಮಲ್ಲಿ ಬಹಳ. ಮೊದಲ ವಾರ ಮುಖ ಬೆಳ್ಳಗಾಗಿ ನುಣುಪಾದಂತೆ ಕಾಣುತ್ತದೆ. ಮುಂದೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇಮ್ಮಡಿಯಾಗುತ್ತದೆ. ಬಿಟ್ಟರೆ ಉರಿ, ಬಿಡದಿದ್ದರೆ ಹಾನಿ. 2018ರಲ್ಲಿ ಕೇಂದ್ರ ಸರಕಾರ ಇಂತಹ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆದೇಶಿಸಿದೆ. ನಿಂಬೆರಸ, ಟೂತ್‌ಪೇಸ್ಟು ಹಚ್ಚುವುದೂ ಬೇಡ. ಚರ್ಮ ಸುಟ್ಟು ಕಲೆಯಾಗುತ್ತದೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಬಸುರಿಯರು ತಿಂದರೆ ಹುಟ್ಟುವ ಮಗುವಿಗೆ ಅಂಗವೈಕಲ್ಯ ಬರುತ್ತದೆ. ಅದನ್ನು ಬೇರೆಯವರ ಚೀಟಿ ನೋಡಿ ತರಿಸಲೇಬಾರದು.

ಗಂಟುಗಂಟಾಗಿ ನೋಯುವ ಮೊಡವೆ, ಗುಳಿ ಬೀಳುತ್ತಿರುವ ಮುಖ, ಮೊಡವೆಯ ಜೊತೆಗೆ ಮುಟ್ಟು ಏರುಪೇರಾಗಿ ಗಲ್ಲದ ಮೇಲೆ ಕೂದಲು ಬೆಳೆಯುವುದು, ಮಗು ಮಂಕಾಗಿ ಯಾರೊಡನೆಯೂ ಸೇರದಿರುವುದು: ಇವುಗಳಲ್ಲಿ ಒಂದಿದ್ದರೂ ಆಹಾರದ ಪರೀಕ್ಷೆಗೆಂದು ಕಾಯದೆ ಚರ್ಮವೈದ್ಯರನ್ನು ಕಾಣಿರಿ. ಬೆಂಗಳೂರಿನ ಸಂತ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಚರ್ಮರೋಗ ವಿಭಾಗವಿದೆ. ಹೊಸೂರಿನಿಂದ ಅದೇನೂ ದೂರವಲ್ಲ.

ಕನ್ನಡಿಗಿಂತ ಹರಿತವಾದದ್ದು

ಮಾತು ಮುಗಿಸಿ ಹೊರಡುವಾಗ ಹುಡುಗಿ ಬಾಗಿಲವರೆಗೂ ಬಂದಳು. "ಕನ್ನಡಿ ನೋಡಿದರೆ ಇಷ್ಟು ಬೇಜಾರಾಗಲ್ಲ. ಪೂಜೆ ಮುಗಿದ ಮೇಲೆ ಸಿಕ್ಕಿದವರೆಲ್ಲಾ ಕೆನ್ನೆ ಮುಟ್ಟಿ 'ಏನಮ್ಮ ಇದು, ಇಷ್ಟು ಚೆನ್ನಾಗಿದ್ದ ಮುಖ' ಅಂತಾರಲ್ಲ, ಅದಕ್ಕೇ ನಾನು ಹಾಡೋಕೆ ನಿಲ್ಲೋದು ಬಿಟ್ಟೆ" ಎಂದಳು. ನಮಗೆ ನಾಚಿಕೆಯಾಯಿತು. ಹಾಗೆ ಕೇಳಿದವರಲ್ಲಿ ನಾವೂ ಇದ್ದೆವು.

ಹಿರಿಯರಾದ ನಾವು ಅಕ್ಕರೆಯಿಂದಲೇ ಕೇಳುತ್ತೇವೆ. ಆದರೆ ಹದಿನಾರರ ಮಗುವಿಗೆ ಅದು ದಿನಕ್ಕೆ ಹತ್ತು ಸಲ ಚುಚ್ಚುವ ಸೂಜಿ. "ಹೀಗಿದ್ದರೆ ಮುಂದೆ ಗಂಡು ಯಾರು ಕೊಡುತ್ತಾರೆ" ಎಂಬ ಮಾತಂತೂ ಯಾವ ಮನೆಯಲ್ಲೂ ಬರಬಾರದು. ಮಗು ತಾನಾಗಿ ಕೇಳಿದರೆ ನೆರವಾಗೋಣ. ಕೇಳದಿದ್ದರೆ ಅದರ ಹಾಡಿನ ಬಗ್ಗೆ, ಓದಿನ ಬಗ್ಗೆ ಮಾತನಾಡೋಣ.

ಮುಂದೆ ಏನಾಯಿತು ಎಂದು ನೀವು ಕೇಳಬಹುದು. ಆ ಹುಡುಗಿ ಮಾಲ್ಟ್ ಪುಡಿ, ಬೇಕರಿ ಬಿಟ್ಟಳು. ತಾಯಿ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದು ಜೆಲ್ ಬರೆಸಿಕೊಂಡು ಬಂದರು. ಮೂರು ತಿಂಗಳಲ್ಲಿ ಮೊಡವೆ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಜೆಲ್ಲಿನಿಂದಲೋ, ಸಕ್ಕರೆ ಬಿಟ್ಟಿದ್ದರಿಂದಲೋ, ತೂಗಿ ಹೇಳಲಾರೆವು. ಆಮೇಲೆ ಬರಿಯ ಹಾಲು ಒಂದು ಲೋಟ ಶುರು ಮಾಡಿದಳು. ಮೊಡವೆ ಹೆಚ್ಚಲಿಲ್ಲ. ಅಜ್ಜಿಗೆ ಗೆದ್ದಷ್ಟು ಸಂತೋಷ.

ಆದರೆ ಅದೇ ಮನೆಯ ಇನ್ನೊಬ್ಬ ಮೊಮ್ಮಗನ ಕಥೆ ಬೇರೆ. ಸಿಪ್ಕಾಟ್‌ನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಹುಡುಗ, ಸಂಜೆ ಜಿಮ್ಮು. ದಿನಕ್ಕೆ ಎರಡು ಸಲ ವೇ ಪ್ರೋಟೀನು ಪುಡಿ ಕಲಸಿ ಕುಡಿಯುತ್ತಿದ್ದ. ವೇ ಎಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನು. ಇಂತಹ ಪುಡಿ ಶುರು ಮಾಡಿದ ಮೇಲೆ ಬೆನ್ನು, ಎದೆ, ಮುಖದಲ್ಲಿ ಮೊಡವೆ ಎದ್ದ ಯುವಕರ ಬಗ್ಗೆ ಬೇರೆ ಬೇರೆ ದೇಶಗಳ ವೈದ್ಯರು ಬರೆದಿದ್ದಾರೆ. ಇವನಿಗೂ ಬೆನ್ನ ತುಂಬ ಇತ್ತು. ಪುಡಿ ನಿಲ್ಲಿಸಿ ಮೊಟ್ಟೆ, ಕಡಲೆಗೆ ಬಂದ. ಎರಡು ತಿಂಗಳಲ್ಲಿ ಬೆನ್ನು ತಿಳಿಯಾಯಿತು. ಒಮ್ಮೆ ಮತ್ತೆ ಶುರು ಮಾಡಿ ನೋಡಿದ, ಮತ್ತೆ ಎದ್ದವು. ಈಗ ಅವನೇ ಬಿಟ್ಟಿದ್ದಾನೆ.

ಒಂದೇ ಮನೆ, ಒಂದೇ ಅಜ್ಜಿಯ ಇಬ್ಬರು ಮೊಮ್ಮಕ್ಕಳು. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಲಿಲ್ಲ. ಆದ್ದರಿಂದ ಹಾಲು ಅಮೃತವೆಂದು ಬಲವಂತವೂ ಬೇಡ, ವಿಷವೆಂದು ಹೆದರಿಕೆಯೂ ಬೇಡ. ಮಕ್ಕಳ ಮಾತು ಕೇಳೋಣ, ಕ್ರಮವಾಗಿ ಪರೀಕ್ಷಿಸೋಣ, ಬೇಕಾದಾಗ ವೈದ್ಯರನ್ನು ಕಾಣೋಣ.

ಅಂದ ಹಾಗೆ, ಆ ಹುಡುಗಿ ಮತ್ತೆ ಹಾಡುವವರ ಜೊತೆ ನಿಲ್ಲುತ್ತಿದ್ದಾಳೆ. ಮೊಡವೆ ಪೂರ್ತಿ ಹೋಗುವುದಕ್ಕೆ ಮೊದಲೇ ಬಂದು ನಿಂತಳು. ನಿಮ್ಮ ಧರ್ಮಕೇಂದ್ರದಲ್ಲೂ ಅಂತಹ ಮಕ್ಕಳಿರಬಹುದು. ಈ ಭಾನುವಾರ ಸಿಕ್ಕಿದರೆ ಕೆನ್ನೆ ನೋಡಬೇಡಿ, ಹಾಡು ಚೆನ್ನಾಗಿತ್ತು ಎನ್ನಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.